ಬುಟ್ಟಿ ಹೆಣೆಯೋಕೆ ಬೆಂಕಿ ಬೇಕು

ಮೂಲನಿವಾಸಿಗಳು ಪರಿಸರ ನೋಡಿಕೊಳ್ಳುವ ರೀತಿ ಬಗ್ಗೆ ಓದೋಕೆ ಶುರು ಮಾಡಿದ ಹೊಸದರಲ್ಲಿ ಒಂದು ಸ್ಲೈಡ್ ಮಾಡಿದ್ದೆ. ಹಿಂದೆ ಕಾಡಿನ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು: ಜಗತ್ತಿನ ಜೀವವೈವಿಧ್ಯದ ಶೇ. 80 ಭಾಗವನ್ನು ಕಾಯುತ್ತಿರುವವರು ಮೂಲನಿವಾಸಿಗಳು. ನೋಡೋಕೆ ಚೆನ್ನಾಗಿತ್ತು. ನೋಡಿದವರೆಲ್ಲ ತಲೆಯಾಡಿಸಿದರು. ನನಗೂ ಅನುಮಾನ ಬರಲಿಲ್ಲ, ಯಾಕೆಂದರೆ ದೊಡ್ಡ ದೊಡ್ಡ ಸಂಸ್ಥೆಗಳ ವರದಿಗಳಲ್ಲೇ ಆ ಅಂಕಿ ಕೂತಿತ್ತು.

2024ರ ಸೆಪ್ಟೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಬರಹ ಬಂತು. ಆ 80ರ ಬುಡ ಹುಡುಕಿಕೊಂಡು ಹೋದ ವಿಜ್ಞಾನಿಗಳು ಬರೆದದ್ದು. ಅವರಲ್ಲಿ ಕೆಲವರು ಸ್ವತಃ ಮೂಲನಿವಾಸಿಗಳೇ. ಒಂದು ವರದಿ ಇನ್ನೊಂದರ ಕಡೆ ಕೈ ತೋರಿಸುತ್ತೆ, ಅದು ಮತ್ತೊಂದರ ಕಡೆ, ಹೀಗೆ ಹೋಗ್ತಾ ಹೋಗ್ತಾ ಕೊನೆಗೆ ನೋಡಿದರೆ ಅಲ್ಲಿ ಲೆಕ್ಕವೇ ಇಲ್ಲ. ಯಾರೂ ಎಣಿಸಿರಲಿಲ್ಲ. ಜೀವವೈವಿಧ್ಯವನ್ನು ಹಾಗೆ ನೂರಕ್ಕೆ ಇಷ್ಟು ಅಂತ ತೂಗೋಕೂ ಆಗಲ್ಲ. ಒಳ್ಳೆ ಉದ್ದೇಶಕ್ಕೆ ಹೇಳಿದ ತಪ್ಪು ಅಂಕಿ ಕೊನೆಗೆ ಆ ಜನರ ಮಾತಿನ ಮೇಲೇ ಅನುಮಾನ ತರುತ್ತೆ ಅಂತ ಅವರು ಎಚ್ಚರಿಸಿದ್ದರು.

ಸ್ಲೈಡ್ ಅಳಿಸಿದೆ. ನಾಚಿಕೆ ಆಯ್ತು ಅನ್ನೋದಕ್ಕಿಂತ ಕೋಪ ಬಂತು ಅನ್ನಬೇಕು. ಅಷ್ಟು ಸುಲಭವಾಗಿ ನಂಬಿದ್ದಕ್ಕೆ ನನ್ನ ಮೇಲೇ.

ಗಟ್ಟಿ ಲೆಕ್ಕ ಬೇಕು ಅಂದ್ರೆ ಬೇರೆ ಇದೆ. 2018ರಲ್ಲಿ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದ ಅಧ್ಯಯನ ಅದು. 87 ದೇಶ ಅಥವಾ ಪ್ರದೇಶಗಳಲ್ಲಿ ಸುಮಾರು 3.8 ಕೋಟಿ ಚದರ ಕಿಲೋಮೀಟರ್ ನೆಲ ಮೂಲನಿವಾಸಿಗಳ ಹಕ್ಕಿನಲ್ಲಿದೆ ಅಥವಾ ಅವರ ಕೈಯಲ್ಲಿದೆ. ಭೂಮಿಯ ಮೇಲಿನ ನೆಲದಲ್ಲಿ ಕಾಲು ಭಾಗ. ಸಂರಕ್ಷಿತ ಪ್ರದೇಶ ಅಂತ ನಾವು ಬೇಲಿ ಹಾಕಿಕೊಂಡಿರುವ ನೆಲದ ಸುಮಾರು ಶೇ. 40 ಭಾಗ ಅದರೊಳಗೇ ಬರುತ್ತೆ. ಇದೇನು ಸಣ್ಣ ಅಂಕಿಯೇ? ಉಬ್ಬಿಸೋ ಅಗತ್ಯವೇ ಇರಲಿಲ್ಲ.

ಅದೇ ಸಮಯದಲ್ಲಿ ಒಂದು ಆನ್‌ಲೈನ್ ಕೋರ್ಸ್‌ಗೆ ಸೇರಿದ್ದೆ. ಮೊದಲ ಕೆಲಸವೇ ವಿಚಿತ್ರ. ಒಂದು ಮರ ಆರಿಸಿಕೊಳ್ಳಿ, ಒಂದು ವರ್ಷ ವಾರಕ್ಕೊಮ್ಮೆ ನೋಡಿ, ಕಂಡದ್ದನ್ನು ಬರೆದಿಡಿ. ಅಷ್ಟೇ. ಕಿಟಕಿಯಿಂದ ಕಾಣುವ ಒಂದು ಹೊಂಗೆ ಮರ ನನ್ನ ಪಾಲಿಗೆ ಬಂತು. ಅದರ ಕತೆ ಆಮೇಲೆ ಹೇಳ್ತೀನಿ.

ಎರಡನೆಯದು ಪ್ರಬಂಧ. ಮೂಲನಿವಾಸಿಗಳು ಪರಿಸರ ನೋಡಿಕೊಳ್ಳುವ ರೀತಿ ಬಗ್ಗೆ ಬರೆಯಬೇಕು. ನಾನು ಹತ್ತು ವಿಧಾನಗಳ ಪಟ್ಟಿ ಮಾಡಿದೆ. ಆಸ್ಟ್ರೇಲಿಯಾದ ಬೆಂಕಿ, ನ್ಯೂಜಿಲೆಂಡಿನ ಮಾವೊರಿಗಳು ಮೀನು, ಚಿಪ್ಪು ಹಿಡಿಯದಂತೆ ಹಾಕುವ ರಾಹುಯಿ ಅನ್ನೋ ತಡೆ, ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಕಲ್ಲಿನ ಒಡ್ಡು ಕಟ್ಟಿ ಚಿಪ್ಪುಜೀವಿ ಬೆಳೆಸುವ ತೋಟಗಳು, ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹೀಗೆ. ಪ್ರತಿಯೊಂದಕ್ಕೂ ಎರಡು ಪ್ಯಾರಾ. ಅಡುಗೆ ಪುಸ್ತಕ ಇದ್ದ ಹಾಗಿತ್ತು ಅಂತ ಈಗ ಅನಿಸುತ್ತೆ. ಪ್ರಬಂಧ ವಾಪಸ್ ಬಂತು. ಅಂಕ ಇರಲಿಲ್ಲ. ಪಕ್ಕದಲ್ಲಿ ಮೂರು ಪ್ರಶ್ನೆ ಇತ್ತು. ಇದನ್ನು ನಿಮಗೆ ಹೇಳಿದ್ದು ಯಾರು? ಇದು ಯಾರ ನೆಲದಲ್ಲಿ ನಡೆಯುತ್ತೆ? ಅವರು ಇದನ್ನು ಮಾಡದಂತೆ ತಡೆದರೆ ಏನಾಗುತ್ತೆ?

ಸಿಟ್ಟು ಬಂತು. ಅಷ್ಟು ಓದಿ ಬರೆದಿದ್ದೆ. ಮೊದಲ ಎರಡು ಪ್ರಶ್ನೆಗೆ ಏನೋ ಒಂದು ಉತ್ತರ ಹೊಂದಿಸಬಹುದಿತ್ತು. ಮೂರನೆಯದು ಮಾತ್ರ ಹಲ್ಲಿನ ಸಂದಿಯ ಕಡ್ಡಿ ಹಾಗೆ ಉಳಿದುಕೊಂಡಿತು. ಹತ್ತು ವಿಷಯ ಬಿಟ್ಟು ಒಂದೇ ಹಿಡಿಯೋಣ ಅಂತ ಬೆಂಕಿಯನ್ನು ಹಿಡಿದೆ. ಹಿಡಿದದ್ದು ಸುಡುತ್ತೆ ಅಂತ ಗೊತ್ತಿರಲಿಲ್ಲ!

ಮೊದಲು ಸಿಕ್ಕಿದ್ದು ಒಂದು ಬುಟ್ಟಿ.

ಕ್ಯಾಲಿಫೋರ್ನಿಯಾದ ಉತ್ತರ ಭಾಗದಲ್ಲಿ ಕ್ಲಾಮತ್ ಅಂತ ನದಿ. ಅದರ ದಂಡೆಯಲ್ಲಿ ಕರುಕ್, ಯುರೋಕ್ ಅನ್ನುವ ಜನ ಇದ್ದಾರೆ. ಅವರ ಬುಟ್ಟಿಗಳಿಗೆ ಹೇಝಲ್ ಗಿಡದ ಕಡ್ಡಿ ಬೇಕು. ಹೇಝಲ್ ಅಂದರೆ ಪೊದೆ ಥರ ಬೆಳೆಯುವ ಗಿಡ. ಸುಮ್ನೆ ಬಿಟ್ಟರೆ ಅದರ ಕೊಂಬೆ ಅಂಕುಡೊಂಕಾಗುತ್ತೆ, ಅಲ್ಲಲ್ಲಿ ಕವಲೊಡೆಯುತ್ತೆ, ಹುಳ ತೂತು ಕೊರೆಯುತ್ತೆ. ಅಂಥ ಕಡ್ಡಿ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತೆ. ಬುಟ್ಟಿಗೆ ಬೇಕಾದ್ದು ನೇರವಾದ, ಕವಲಿಲ್ಲದ, ಬಳುಕುವ ಕಡ್ಡಿ. ಅದು ಎಲ್ಲಿಂದ ಬರುತ್ತೆ? ಬೆಂಕಿಯಿಂದ. ಪೊದೆಯನ್ನು ಸಣ್ಣ ಬೆಂಕಿಯಲ್ಲಿ ಸುಟ್ಟರೆ ಮೇಲಿನದು ಹೋಗುತ್ತೆ, ಬೇರು ಉಳಿಯುತ್ತೆ. ಬೇರಿನಿಂದ ಹೊಸ ಚಿಗುರು ಬಾಣದ ಹಾಗೆ ನೆಟ್ಟಗೆ ಏಳುತ್ತೆ. ಸುಟ್ಟ ಮೇಲೆ ಒಂದೆರಡು ವರ್ಷದೊಳಗೆ, ವಸಂತದಲ್ಲಿ ಗಿಡದಲ್ಲಿ ರಸ ಏರುವಾಗ ಅದನ್ನು ಕೊಯ್ಯುತ್ತಾರೆ. ಆಗ ಸಿಪ್ಪೆ ಸಲೀಸಾಗಿ ಸುಲಿದು ಬರುತ್ತೆ. ತಡ ಮಾಡಿದರೆ ಸಿಪ್ಪೆ ಅಂಟಿಕೊಳ್ಳುತ್ತೆ. ಇನ್ನೂ ಎರಡು ವರ್ಷ ತಡ ಮಾಡಿದರೆ ಮತ್ತೆ ಕವಲು, ಮತ್ತೆ ಹುಳ.

ಈಗ ಲೆಕ್ಕ ಹಾಕಿ. ಬುಟ್ಟಿ ಹೆಣೆಯುವ ಹೆಂಗಸು ಮುಂದಿನ ಮುಂದಿನ ವಸಂತದಲ್ಲಿ ಏನು ಹೆಣೆಯಬೇಕು ಅಂತ ಇವತ್ತೇ ಯೋಚಿಸಬೇಕು. ಯಾವ ಇಳಿಜಾರನ್ನು ಈ ವರ್ಷ ಸುಡಬೇಕು, ಯಾವುದನ್ನು ಬಿಡಬೇಕು ಅನ್ನೋದು ಅವಳಿಗೆ ಗೊತ್ತಿರಬೇಕು. ಅಂದ್ರೆ ಕಾಡಿಗೆ ಯಾವಾಗ ಬೆಂಕಿ ಬೀಳಬೇಕು ಅನ್ನೋ ತೀರ್ಮಾನದಲ್ಲಿ ಅವಳೂ ಒಬ್ಬಳು. ನಾವು ಮ್ಯೂಸಿಯಂ ಗಾಜಿನ ಹಿಂದೆ ಬುಟ್ಟಿ ನೋಡಿ ಎಷ್ಟು ಚೆಂದ ಹೆಣಿಗೆ ಅನ್ನುತ್ತೇವೆ. ಅದು ಬೆಟ್ಟದ ಬೆಂಕಿ ಕ್ಯಾಲೆಂಡರ್ ಅಂತ ಯಾರಿಗೆ ಹೊಳೆಯುತ್ತೆ?

ಓಕ್ ಮರದ ಕಾಯಿ ಅವರಿಗೆ ಊಟ. ಮೊದಲು ಉದುರುವ ಕಾಯಿಗಳಲ್ಲಿ ಹುಳ ಜಾಸ್ತಿ. ಆಗ ತರಗೆಲೆಗೆ ಸಣ್ಣ ಬೆಂಕಿ ಹಾಕಿದರೆ ಹುಳ ಸಾಯುತ್ತೆ, ನೆಲ ಚೊಕ್ಕಟ ಆಗುತ್ತೆ, ಆಮೇಲೆ ಬೀಳುವ ಒಳ್ಳೆ ಕಾಯಿ ಆರಿಸೋಕೂ ಸುಲಭ. ಇನ್ನೊಂದು ಮಾತು ಕೇಳಿ. ಬೆಂಕಿಯ ಹೊಗೆ ಕಣಿವೆಯಲ್ಲಿ ನಿಂತರೆ ನದಿ ನೀರು ತಂಪಾಗುತ್ತೆ, ಸಾಲ್ಮನ್ ಮೀನಿಗೆ ಒಳ್ಳೇದು ಅಂತ ಅವರು ಹೇಳುತ್ತಿದ್ದರು. ಹೊಗೆಯಿಂದ ನೀರು ತಂಪೇ? ನಾನು ಓದಿದಾಗ ನಕ್ಕಿದ್ದೆ. 2018ರಲ್ಲಿ ಕ್ಲಾಮತ್ ಕಣಿವೆಯ ನದಿಗಳಲ್ಲೇ ಅಳೆದು ನೋಡಿದರು. ಹೊಗೆ ಬಿಸಿಲನ್ನು ತಡೆಯುತ್ತೆ, ನೀರಿನ ಉಷ್ಣತೆ ನಿಜವಾಗಿಯೂ ಇಳಿಯುತ್ತೆ. ನಗು ನಿಂತುಹೋಯ್ತು.

ಈಗ ಮೂರನೇ ಪ್ರಶ್ನೆಗೆ ಬರೋಣ. ತಡೆದರೆ ಏನಾಗುತ್ತೆ?

ತಡೆದರು. ಕ್ಯಾಲಿಫೋರ್ನಿಯಾ ರಾಜ್ಯ ಆದದ್ದು 1850ರಲ್ಲಿ. ಅದೇ ವರ್ಷ ಅಲ್ಲಿನ ಮೂಲನಿವಾಸಿಗಳ ಬಗ್ಗೆ ಒಂದು ಕಾನೂನು ಬಂತು. ಹೆಸರಿನಲ್ಲಿ ರಕ್ಷಣೆ ಅನ್ನೋ ಪದ ಇತ್ತು, ಒಳಗೆ ಅವರನ್ನು ಜೀತಕ್ಕೆ ಹಚ್ಚುವ ದಾರಿ ಇತ್ತು. ಹುಲ್ಲುಗಾವಲಿಗೆ ಬೆಂಕಿ ಇಟ್ಟರೆ ಶಿಕ್ಷೆ ಅಂತಲೂ ಅದರಲ್ಲೇ ಬರೆದಿತ್ತು. ಆಮೇಲೆ ಅರಣ್ಯ ಇಲಾಖೆ ಬಂತು, ಬೆಂಕಿ ಅಂದರೆ ಶತ್ರು ಅನ್ನೋ ಪಾಠ ಬಂತು. ಕ್ಲಾಮತ್ ಕಾಡಿನ ಒಬ್ಬ ಅಧಿಕಾರಿ 1918ರ ಪತ್ರದಲ್ಲಿ, ಬೆಂಕಿ ಇಡೋಕೆ ಪೊದೆಯಲ್ಲಿ ನುಸುಳುವವರಿಗೆ ಗುಂಡು ಹಾರಿಸೋದೇ ಮದ್ದು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. 1935ರಲ್ಲಿ ಅಮೆರಿಕದ ಅರಣ್ಯ ಸೇವೆ ಒಂದು ನಿಯಮ ಮಾಡಿತು. ಯಾವುದೇ ಬೆಂಕಿ ಕಂಡರೂ ಮಾರನೇ ದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕು. ಸಣ್ಣ ಬೆಂಕಿ, ದೊಡ್ಡ ಬೆಂಕಿ ಅನ್ನೋ ಭೇದವೇ ಇಲ್ಲ.

ಸಣ್ಣ ಬೆಂಕಿಗಳು ನಿಂತವು. ತರಗೆಲೆ, ಒಣಕಡ್ಡಿ, ಎಳೆ ಮರ ಎಲ್ಲ ವರ್ಷ ವರ್ಷ ಪೇರುತ್ತಾ ಹೋಯಿತು. ಈಗ ಅಲ್ಲಿ ಬೆಂಕಿ ಬಿದ್ದರೆ ಊರಿಗೆ ಊರೇ ಹೋಗುತ್ತೆ. ಬರ, ಬಿಸಿಲು, ಹವಾಮಾನ ಬದಲಾವಣೆ ಎಲ್ಲದರ ಪಾಲೂ ಇದೆ, ಇಲ್ಲ ಅನ್ನಲ್ಲ. ಆದರೆ ಸೌದೆ ಪೇರಿಸಿಟ್ಟದ್ದು ನೂರು ವರ್ಷದ ನಿಯಮ. ಇತ್ತೀಚೆಗೆ ರಾಜ್ಯ ಸ್ವಲ್ಪ ಮೆತ್ತಗಾಗಿದೆ. ಸಾಂಪ್ರದಾಯಿಕವಾಗಿ ಬೆಂಕಿ ಇಡುವವರನ್ನು ಕಾನೂನಿನಲ್ಲಿ ಗುರುತಿಸಿದೆ. 2024ರ ಕಾನೂನಿನಿಂದ ಬುಡಕಟ್ಟುಗಳು ರಾಜ್ಯದ ಜೊತೆ ಒಪ್ಪಂದ ಮಾಡಿಕೊಂಡು ತಾವೇ ತಮ್ಮ ನೆಲದಲ್ಲಿ ಬೆಂಕಿ ಇಡೋ ದಾರಿ ತೆರೆದಿದೆ. ತಮ್ಮದೇ ಬುಟ್ಟಿಗೆ ಕಡ್ಡಿ ಬೆಳೆಸೋಕೆ 174 ವರ್ಷ ಕಾಯಬೇಕಾಯ್ತು.

ನಮ್ಮಲ್ಲಿ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತಿನಲ್ಲಿ ಇದಕ್ಕೆ ತರಗು ಬೆಂಕಿ ಅಂತಾರೆ. ಹೆಸರಿನಲ್ಲೇ ಎಲ್ಲ ಇದೆ, ಅಲ್ವಾ? ತರಗು ಮಾತ್ರ ಸುಡುವ ಬೆಂಕಿ. ಬೇಸಿಗೆ ಏರುವ ಮುಂಚೆ, ಎಲೆ ಇನ್ನೂ ದಪ್ಪಗೆ ಬಿದ್ದಿರದ ಹೊತ್ತಿನಲ್ಲಿ ಇಡುವುದು. ಮೊಣಕಾಲಿನ ಮಟ್ಟ ದಾಟದೆ ನೆಲ ಸವರಿಕೊಂಡು ಹೋಗುತ್ತೆ. ದೊಡ್ಡ ಮರಕ್ಕೆ ಏನೂ ಆಗಲ್ಲ. ಹುಲ್ಲು ಚಿಗುರುತ್ತೆ, ಹುಲ್ಲಿಗೆ ಕಡವೆ, ಜಿಂಕೆ ಬರುತ್ತವೆ.

1974ರಲ್ಲಿ ಅಲ್ಲಿ ವನ್ಯಧಾಮ ಆಯಿತು. ಬೆಂಕಿ ಅಪರಾಧ ಆಯಿತು. ಬೇಟೆ, ಕಾಡು ಸುತ್ತಿ ಬೇಸಾಯ ಮಾಡೋದು ಎಲ್ಲ ನಿಂತಿತು. ಚದುರಿದ್ದ ಜನರನ್ನು ಪೋಡುಗಳಲ್ಲಿ ಒಂದೆಡೆ ನೆಲೆಗೊಳಿಸಿದರು. ಪೋಡು ಅಂದರೆ ಅವರ ಹಾಡಿ. ಆಮೇಲೆ ಏನಾಯ್ತು? ಸೋಲಿಗರು ಹೇಳುವುದು ಇಷ್ಟು: ಬೆಂಕಿ ನಿಂತಿತು, ಲಂಟಾನ ನುಗ್ಗಿತು. ಕೆಂಪು, ಹಳದಿ ಹೂ ಬಿಡುವ ಆ ಗಿಡವನ್ನು ಬೇಲಿಗಳಲ್ಲಿ ನೀವೂ ನೋಡಿರುತ್ತೀರಿ. ಅಮೆರಿಕ ಖಂಡದಿಂದ ಅಲಂಕಾರಕ್ಕೆ ಅಂತ ತಂದಿದ್ದು. 1997 ಮತ್ತು 2008ರಲ್ಲಿ ಅದೇ ಕಾಡನ್ನು ಎರಡು ಸಲ ಅಳೆದು ನೋಡಿದ ಸಂಶೋಧಕರಿಗೆ ಕಂಡದ್ದೂ ಅದೇ. ಹನ್ನೊಂದು ವರ್ಷದಲ್ಲಿ ಲಂಟಾನ ಇರುವ ಜಾಗ ಸುಮಾರು ಎರಡು ಪಟ್ಟಾಗಿತ್ತು.

ಇನ್ನೊಂದು ಗಿಡದ ಬಗ್ಗೆ ಅವರು ಹೇಳೋದು ನನಗೆ ಇನ್ನೂ ಇಷ್ಟ. ಉಪ್ಪಿಲು. ಬಂದಳಿಕೆ ಜಾತಿ. ನೆಲ್ಲಿ ಮರದ ಕೊಂಬೆ ಮೇಲೆ ಹತ್ತಿಕೊಂಡು ಅದರ ರಸ ಹೀರಿ ಬದುಕುತ್ತೆ. ಹಕ್ಕಿ ಹಣ್ಣು ತಿಂದು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸುತ್ತೆ, ಅಲ್ಲಿ ಅದು ಬೇರೂರುತ್ತೆ. ಉಪ್ಪಿಲು ಜಾಸ್ತಿಯಾದ ಮರ ಕಾಯಿ ಬಿಡೋದು ಕಮ್ಮಿ, ಕೊನೆಗೆ ಒಣಗುತ್ತೆ. ತರಗು ಬೆಂಕಿ ಇದ್ದಾಗ ಅದರ ಝಳಕ್ಕೆ ಉಪ್ಪಿಲು ಸಾಯುತ್ತಿತ್ತು, ನೆಲ್ಲಿ ಉಳಿಯುತ್ತಿತ್ತು ಅಂತ ಸೋಲಿಗರು ಹೇಳುತ್ತಾರೆ. ನೆಲ್ಲಿಕಾಯಿ ಕಮ್ಮಿಯಾದದ್ದು ಕಂಡು ಹೊರಗಿನವರು ಮೊದಲು ಬೈದದ್ದು ಯಾರನ್ನ? ಕಾಯಿ ಕೀಳುವವರನ್ನ. ಕೀಳುವವರು ಮಾತ್ರ ಕೊಂಬೆಯ ಮೇಲಿನ ಗಂಟಿನ ಕಡೆ ಕೈ ತೋರಿಸುತ್ತಿದ್ದರು.

ಹಾಗಂತ ನಾಳೆಯೇ ಬೆಂಕಿ ಇಟ್ಟರೆ ಎಲ್ಲ ಸರಿಹೋಗುತ್ತಾ? ಇಲ್ಲ. ಇದನ್ನು ನಾನು ತಡವಾಗಿ ಕಲಿತೆ. ಲಂಟಾನ ಆಳೆತ್ತರ ಬೆಳೆದು ಮರದ ಮೇಲೂ ಹತ್ತಿದ ಮೇಲೆ ಬೆಂಕಿ ನೆಲದಲ್ಲಿ ನಿಲ್ಲಲ್ಲ, ಏಣಿ ಸಿಕ್ಕಿದ ಹಾಗೆ ಮೇಲಕ್ಕೇರುತ್ತೆ. ಸುಟ್ಟ ಲಂಟಾನವೂ ಬುಡದಿಂದ ಮತ್ತೆ ಚಿಗುರುತ್ತೆ. ತರಗು ಬೆಂಕಿ ಇಡೋಕೆ ತರಗು ಮಾತ್ರ ಇರುವ ಕಾಡು ಬೇಕು. ಆ ಕಾಡೇ ಈಗ ಬದಲಾಗಿದೆ. ಕೈ ತೆಗೆಸಿ, ಐವತ್ತು ವರ್ಷ ಬಿಟ್ಟು, ಈಗ ನಿಮ್ಮ ಹಳೇ ವಿಧಾನ ಹೇಳಿ ನೋಡೋಣ ಅಂದರೆ ಅವರು ತಾನೇ ಏನು ಮಾಡಬೇಕು? ಬೆಂಕಿ ಇಟ್ಟು ಅಭ್ಯಾಸ ಇದ್ದವರು ಮುದುಕರಾದರು. ಮಕ್ಕಳು ಕೇಳಿಸಿಕೊಂಡಿದ್ದಾರೆ, ಮಾಡಿಲ್ಲ. ಗಾಳಿ ಯಾವ ಕಡೆ ತಿರುಗಿದರೆ ಕೈ ಹಿಂದೆ ತೆಗೆಯಬೇಕು ಅನ್ನೋದನ್ನ ಕತೆಯಲ್ಲಿ ಕಲಿಯೋಕಾಗುತ್ತಾ?

2011ರ ಅಕ್ಟೋಬರ್‌ನಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ. ಅದೇ ವರ್ಷದ ಶುರುವಿನಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶ ಆಗಿತ್ತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜನ ಒಳಗಿದ್ದರೆ ಹುಲಿ ಉಳಿಯಲ್ಲ ಅನ್ನುತ್ತಿದ್ದವರು ಮುಂದೆ ಬಂದ ಎಣಿಕೆ ನೋಡಬೇಕಿತ್ತು, 2010ರಿಂದ 2014ರ ನಡುವೆ ಅಲ್ಲಿನ ಹುಲಿಗಳ ಸಂಖ್ಯೆ ಸುಮಾರು ದುಪ್ಪಟ್ಟಾಯಿತು. ಅದಕ್ಕೆ ಸೋಲಿಗರೇ ಕಾರಣ ಅಂತ ನಾನು ಹೇಳಲ್ಲ. 80ರ ಸ್ಲೈಡ್ ಆದ ಮೇಲೆ ಅಂಥ ಮಾತು ಬಾಯಿಗೆ ಬರುವ ಮುಂಚೆ ಎರಡು ಸಲ ನುಂಗುತ್ತೇನೆ. ಅವರು ಇದ್ದದ್ದರಿಂದ ಹುಲಿಗೆ ತೊಂದರೆ ಆಗಿಲ್ಲ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು.

ಹಕ್ಕುಪತ್ರದಲ್ಲಿ ಜೇನು, ನೆಲ್ಲಿ, ಪಾಚಿ ಎಲ್ಲ ಬಂತು. ಬೆಂಕಿ ಮಾತ್ರ ಇನ್ನೂ ಹೊರಗೇ ನಿಂತಿದೆ.

ಕೈ ಮತ್ತೆ ನೆಲಕ್ಕೆ ಬಂದರೆ ಏನಾಗುತ್ತೆ ಅಂತ ನೋಡಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಉತ್ತರದ ತುದಿಯಲ್ಲಿ ಪಶ್ಚಿಮ ಆರ್ನ್‌ಹೆಮ್ ಲ್ಯಾಂಡ್ ಅನ್ನುವ ಕಲ್ಲುಬೆಟ್ಟದ ಸೀಮೆ. ಹುಲ್ಲು, ಅಲ್ಲೊಂದು ಇಲ್ಲೊಂದು ಮರ. ಕಳೆದ ಶತಮಾನದ ನಡುವೆ ಜನ ಕ್ರೈಸ್ತ ಮಿಷನ್‌ಗಳಿಗೆ, ಪಟ್ಟಣಗಳಿಗೆ ಹೋದರು. ನೆಲ ಖಾಲಿಯಾಯಿತು. ಮೊದಲೆಲ್ಲ ಅವರು ಮಳೆಗಾಲ ಮುಗಿದ ಕೂಡಲೇ, ಹುಲ್ಲು ಅರ್ಧ ಹಸಿ ಅರ್ಧ ಒಣ ಇರುವಾಗ ನಡೆಯುತ್ತಾ ನಡೆಯುತ್ತಾ ಅಲ್ಲಲ್ಲಿ ಬೆಂಕಿ ಇಡುತ್ತಿದ್ದರು. ಸಂಜೆ ಮಂಜು ಬಿದ್ದರೆ ಅದು ತಾನೇ ಆರುತ್ತೆ. ಸುಟ್ಟ ತುಂಡು, ಸುಡದ ತುಂಡು, ಕೌದಿ ಹೊಲಿದ ಹಾಗೆ ನೆಲ. ಜನ ಹೋದ ಮೇಲೆ ಆ ಕೌದಿ ಹೋಯಿತು. ಒಣಕಾಲದ ಕೊನೆಯಲ್ಲಿ ಸಿಡಿಲಿಗೋ ಯಾರದೋ ಅಜಾಗರೂಕತೆಗೋ ಒಂದು ಕಿಡಿ ಬಿದ್ದರೆ ತಡೆಯೋದೇ ಇಲ್ಲ, ಸಾವಿರಾರು ಚದರ ಕಿಲೋಮೀಟರ್ ಹೊತ್ತಿಕೊಂಡು ಉರಿಯೋದು.

ಹಿರಿಯರಲ್ಲಿ ಕೆಲವರು ಇನ್ನೂ ಇದ್ದರು, ಅದೇ ಪುಣ್ಯ. ಅವರು ವಾಪಸ್ ಬೆಟ್ಟಕ್ಕೆ ಹೋದರು, ವಿಜ್ಞಾನಿಗಳನ್ನೂ ಕರೆದುಕೊಂಡು ಹೋದರು. 2006ರಲ್ಲಿ ಒಂದು ಒಪ್ಪಂದ ಆಯಿತು. ಸುಮಾರು 28,000 ಚದರ ಕಿಲೋಮೀಟರ್‌ನಲ್ಲಿ ಮೂಲನಿವಾಸಿ ರೇಂಜರ್‌ಗಳು ಒಣಕಾಲದ ಶುರುವಿನಲ್ಲೇ ಬೆಂಕಿ ಇಡುತ್ತಾರೆ. ದೊಡ್ಡ ಬೆಂಕಿ ತಪ್ಪುತ್ತೆ, ಅದರಿಂದ ಹೊರಬರುವ ಮೀಥೇನ್, ನೈಟ್ರಸ್ ಆಕ್ಸೈಡ್ ಕಮ್ಮಿಯಾಗುತ್ತೆ. ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮನಾದಷ್ಟು ಉಳಿಸುವುದು ಒಪ್ಪಂದದ ಗುರಿಯಾಗಿತ್ತು. ಅದಕ್ಕೆ ಡಾರ್ವಿನ್‌ನ ಒಂದು ಅನಿಲ ಘಟಕದಿಂದ ವರ್ಷಕ್ಕೆ ಸುಮಾರು 10 ಲಕ್ಷ ಆಸ್ಟ್ರೇಲಿಯನ್ ಡಾಲರ್, 17 ವರ್ಷದ ಮಾತಾಗಿತ್ತು. ಭೂಮಿಯೊಳಗಿನ ಅನಿಲ ತೆಗೆದು ಮಾರುವವರು ಹೊಗೆ ಕಮ್ಮಿ ಮಾಡೋಕೆ ದುಡ್ಡು ಕೊಡೋದು. ನನಗೆ ಒಳಗೊಳಗೇ ಕಿರಿಕಿರಿ ಆಗುತ್ತೆ. ಆದರೆ ಆ ದುಡ್ಡಿನಿಂದ ಜನ ತಮ್ಮ ನೆಲದ ಮೇಲೆ ಕೆಲಸ ಮಾಡುತ್ತಾ ಬದುಕಿದರು, ಮಕ್ಕಳು ಹಿರಿಯರ ಜೊತೆ ನಡೆದರು. ನನ್ನ ಕಿರಿಕಿರಿಯಿಂದ ಅವರಿಗೇನು?

ಅಲ್ಲಿ ಈಗ ಹೆಲಿಕಾಪ್ಟರ್‌ನಿಂದಲೂ ಬೆಂಕಿ ಇಡುತ್ತಾರೆ. ಉಪಗ್ರಹದ ಚಿತ್ರ ನೋಡಿ ಎಲ್ಲಿ ಸುಟ್ಟಿದೆ ಎಲ್ಲಿ ಇಲ್ಲ ಅಂತ ಲೆಕ್ಕ ಇಡುತ್ತಾರೆ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರು. ಅಯ್ಯೋ, ಹಾಗಾದರೆ ಅದು ಸಾಂಪ್ರದಾಯಿಕ ಹೇಗಾಯ್ತು ಅಂತಾರೆ. ನಾವು ಮೊಬೈಲ್‌ನಲ್ಲಿ ಪಂಚಾಂಗ ನೋಡಬಹುದು, ಅವರು ಮಾತ್ರ ಬರಿಗಾಲಲ್ಲೇ ನಡೆಯಬೇಕು!

ಇದರ ಉಲ್ಟಾ ಇನ್ನೊಂದು ಕಾಯಿಲೆ ನನಗೇ ಇತ್ತು. ಮೂಲನಿವಾಸಿಗಳು ಹುಟ್ಟಾ ಪರಿಸರ ಪ್ರೇಮಿಗಳು, ತಪ್ಪೇ ಮಾಡಲ್ಲ ಅನ್ನೋ ಭಕ್ತಿ. ಈ ಭಕ್ತಿಯನ್ನು ಬಿಡಿಸಿದ್ದು ಮೋವಾ ಹಕ್ಕಿ. ಮಾವೊರಿಗಳ ಹಿರಿಯರು ನ್ಯೂಜಿಲೆಂಡಿಗೆ ದೋಣಿಯಲ್ಲಿ ಬಂದದ್ದು 13ನೇ ಶತಮಾನದ ಹೊತ್ತಿಗೆ. ಅಲ್ಲಿ ಹಾರಲಾರದ ದೊಡ್ಡ ಮೋವಾಗಳಿದ್ದವು, ಕೆಲವು ಮನುಷ್ಯನಿಗಿಂತ ಎತ್ತರ. ಒಂದೆರಡು ಶತಮಾನದಲ್ಲಿ ಎಲ್ಲ ಮುಗಿದವು. ತಿಂದು ಮುಗಿಸಿದರು. ಇದನ್ನು ಮಾವೊರಿಗಳೂ ಮುಚ್ಚಿಟ್ಟಿಲ್ಲ. ಮೋವಾ ಹೋದ ಹಾಗೆ ಹೋಯಿತು ಅನ್ನೋ ಅರ್ಥದ ಗಾದೆಯೇ ಅವರ ಮಾತಿನಲ್ಲಿದೆ. ಒಂದು ಕೊಲ್ಲಿಯಲ್ಲಿ ಮೀನು, ಚಿಪ್ಪು ಕಮ್ಮಿಯಾದರೆ ಇಷ್ಟು ದಿನ ಯಾರೂ ಇಳಿಯಬಾರದು ಅಂತ ಹಾಕುವ ತಡೆಯೇ ರಾಹುಯಿ. ನನ್ನ ಮೊದಲ ಪ್ರಬಂಧದಲ್ಲಿ ಅದನ್ನು ಆಕಾಶದಿಂದ ಇಳಿದ ಜ್ಞಾನದ ಹಾಗೆ ಬರೆದಿದ್ದೆ. ಈಗ ಓದುವಾಗ ನನಗೆ ಆ ತಡೆಯ ಹಿಂದೆ ಖಾಲಿಯಾದ ಕಾಡೊಂದು ಕಾಣುತ್ತೆ. ಕಳೆದುಕೊಂಡು, ಅದೇ ಜಾಗದಲ್ಲೇ ಇದ್ದು, ಅದರ ಫಲ ಉಂಡವರು ಕಲಿಯುವ ಪಾಠ ಬೇರೆ ಥರ ಇರುತ್ತೆ. ಬಿಟ್ಟು ಮುಂದಿನ ಕಾಡಿಗೆ ಹೋಗುವವರಿಗೆ ಅದು ಬರಲ್ಲ.

ಅದೇ ಜಾಗದಲ್ಲೇ ಇರುವುದು ಅಂದಾಗ ಮೆನೊಮಿನಿ ಜನರ ಕಾಡು ನೆನಪಾಗುತ್ತೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದೆ. 1854ರ ಒಪ್ಪಂದದಲ್ಲಿ ಉಳಿದ ತುಂಡು ನೆಲ, ಸುಮಾರು 2.35 ಲಕ್ಷ ಎಕರೆ. ಅವರು ಮರ ಕಡಿಯದೆ ಪೂಜೆ ಮಾಡಿಕೊಂಡು ಕೂತಿಲ್ಲ. ಕಡಿದು, ಸ್ವಂತ ಗಿರಣಿಯಲ್ಲಿ ಕೊಯ್ದು ಮಾರುತ್ತಾರೆ. ನೂರೈವತ್ತು ವರ್ಷಕ್ಕೂ ಜಾಸ್ತಿ ಕಡಿದಿದ್ದಾರೆ. ಇವತ್ತು ಅಲ್ಲಿ ನಿಂತಿರುವ ಮರದ ಪ್ರಮಾಣ 1854ರಲ್ಲಿ ಇದ್ದದ್ದಕ್ಕಿಂತ ಜಾಸ್ತಿ! ಸುತ್ತ ಹೊಲಗದ್ದೆ ಆದದ್ದರಿಂದ ಉಪಗ್ರಹದ ಚಿತ್ರದಲ್ಲಿ ಆ ಕಾಡಿನ ಗಡಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಕಾಣುತ್ತೆ. ನೀವೇ ಮ್ಯಾಪ್ ತೆರೆದು ನೋಡಿ, ನಾನು ಆ ರಾತ್ರಿ ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ. ನಡುವೆ 1954ರಲ್ಲಿ ಸರ್ಕಾರ ಇವರು ಬುಡಕಟ್ಟೇ ಅಲ್ಲ ಅಂತ ಮಾನ್ಯತೆ ರದ್ದು ಮಾಡುವ ಕಾನೂನು ತಂದಿತ್ತು. ಹೋರಾಡಿ 1973ರಲ್ಲಿ ವಾಪಸ್ ಪಡೆದರು. ಕಾಡಿನ ಜೊತೆ ಈ ಹೋರಾಟವನ್ನೂ ಓದದೆ ಇದ್ದರೆ ಮೆನೊಮಿನಿಗಳಿಂದ ಕಲಿಯೋದು ಬರೀ ಮರ ಕಡಿಯೋ ಟಿಪ್ಸ್ ಆಗುತ್ತೆ.

ಓದುವವರ ಬಗ್ಗೆಯೂ ಸ್ವಲ್ಪ ಹೇಳಬೇಕು, ನಾನೂ ಅವರಲ್ಲಿ ಒಬ್ಬ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟದಲ್ಲಿ ಕೆಲವು ವಿಜ್ಞಾನಿಗಳು ಕಾಣಿ ಜನರನ್ನು ದಾರಿ ತೋರಿಸೋಕೆ ಕರೆದುಕೊಂಡು ಹೋಗಿದ್ದರು. ಇವರು ಏದುಸಿರು ಬಿಡುತ್ತಿದ್ದಾರೆ, ಅವರು ಒಂದು ಕಾಡುಹಣ್ಣು ಬಾಯಿಗೆ ಹಾಕಿಕೊಂಡು ಆರಾಮಾಗಿ ಹತ್ತುತ್ತಿದ್ದಾರೆ. ಏನದು ಅಂತ ಕೇಳಿದರು. ಹೇಳೋಕೆ ಹಿಂಜರಿದರು, ಆಮೇಲೆ ತೋರಿಸಿದರು. ಆರೋಗ್ಯಪಚ್ಚ. ಅದರಿಂದ ಜೀವನಿ ಅನ್ನೋ ಔಷಧ ತಯಾರಾಯಿತು, 1995ರಲ್ಲಿ 10 ಲಕ್ಷ ರೂಪಾಯಿಗೆ ಒಂದು ಕಂಪನಿಗೆ ಪರವಾನಗಿ ಕೊಟ್ಟರು. ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ ಅಂತ ತೀರ್ಮಾನ ಆಯಿತು. ಲಾಭ ಹಂಚಿಕೊಳ್ಳೋದಕ್ಕೆ ಜಗತ್ತಿನ ಮೊದಮೊದಲ ಉದಾಹರಣೆಗಳಲ್ಲಿ ಒಂದು ಅಂತ ಹೊಗಳಿಸಿಕೊಂಡಿತು. ಆದರೆ ನಮ್ಮನ್ನು ಕೇಳಲೇ ಇಲ್ಲ ಅಂತ ಹೇಳಿದ ಕಾಣಿ ಊರುಗಳೂ ಇದ್ದವು. ಇಬ್ಬರು ಮೂವರು ತೋರಿಸಿದ್ದು ಇಡೀ ಜನಾಂಗದ ಒಪ್ಪಿಗೆ ಆಗುತ್ತಾ? ಆ ಹಿಂಜರಿಕೆಯ ಕ್ಷಣ ನನಗೆ ಬಿಟ್ಟುಹೋಗಿಲ್ಲ. ಅಲ್ಲೇ ನಿಲ್ಲಬೇಕಿತ್ತೇನೋ.

ಕೆನಡಾದ ಫಸ್ಟ್ ನೇಷನ್ಸ್ ಅನ್ನುವ ಮೂಲನಿವಾಸಿ ಜನ ಇದಕ್ಕೆ 1998ರಲ್ಲೇ ಒಂದು ನಿಯಮ ಮಾಡಿಕೊಂಡರು. ನಮ್ಮ ಬಗ್ಗೆ ಕಲೆಹಾಕಿದ ಮಾಹಿತಿ ನಮ್ಮದು, ಯಾರು ನೋಡಬಹುದು ಅಂತ ನಾವು ಹೇಳುತ್ತೇವೆ, ಅದು ನಮ್ಮ ಬಳಿಯೇ ಇರುತ್ತೆ. ಮೊದಲ ಸಲ ಓದಿದಾಗ ಸ್ವಲ್ಪ ಗಡುಸು ಅನಿಸಿತ್ತು. ನನ್ನ ಹತ್ತು ವಿಧಾನಗಳ ಪ್ರಬಂಧ ತೆಗೆದು ನೋಡಿದೆ. ಒಂದರಲ್ಲಾದರೂ ಯಾರದೇ ಒಪ್ಪಿಗೆ ಬಗ್ಗೆ ಒಂದು ಪದ ಇರಲಿಲ್ಲ. ಅದೇ ಕೆನಡಾದ ಮಿಕ್ಮಾ ಅನ್ನೋ ಮೂಲನಿವಾಸಿ ಜನರ ಹಿರಿಯರಾದ ಆಲ್ಬರ್ಟ್ ಮತ್ತು ಮುರ್ಡೇನಾ ಮಾರ್ಷಲ್ ಎರಡು ಕಣ್ಣಿನ ನೋಟ ಅನ್ನೋ ಮಾತನ್ನು 2004ರಲ್ಲಿ ಮುಂದಿಟ್ಟರು. ಒಂದು ಕಣ್ಣಲ್ಲಿ ಮೂಲನಿವಾಸಿಗಳ ತಿಳಿವು, ಇನ್ನೊಂದರಲ್ಲಿ ವಿಜ್ಞಾನ, ಎರಡನ್ನೂ ತೆರೆದಿಟ್ಟು ನೋಡಬೇಕು ಅಂತ. ಈಗ ಎಲ್ಲ ಕೋರ್ಸ್‌ನಲ್ಲೂ ಈ ಮಾತು ಬರುತ್ತೆ. ನನ್ನ ಅನುಭವದಲ್ಲಿ ಬಹಳ ಜನ ಒಂದು ಕಣ್ಣಲ್ಲೇ ನೋಡುತ್ತಾರೆ, ಇನ್ನೊಂದನ್ನು ಮಿಟುಕಿಸುತ್ತಾರೆ.

ಎರಡನೇ ಸಲ ಬರೆದ ಪ್ರಬಂಧದಲ್ಲಿ ಹೇಝಲ್ ಕಡ್ಡಿ ಒಂದೇ ಇತ್ತು. ಮೂರು ಪುಟ. ಬುಟ್ಟಿ ಹೆಣೆಯುವವರು ತಾವೇ ಬಹಿರಂಗವಾಗಿ ಹೇಳಿರುವುದನ್ನು ಮಾತ್ರ ಬಳಸಿದೆ, ಯಾವ ಜನ, ಯಾವ ನದಿ, ಯಾವ ಕಾನೂನು ಅಂತ ಬರೆದೆ. ಈ ಸಲ ಪಕ್ಕದಲ್ಲಿ ಒಂದೇ ಪ್ರಶ್ನೆ ಬಂತು: ನಿಮ್ಮ ಮರ ಹೇಗಿದೆ?

ಮರದ ಕತೆ ಹೇಳ್ತೀನಿ ಅಂದಿದ್ದೆ. ಮೊದಲ ಆರು ವಾರ ನೋಟ್‌ಬುಕ್‌ನಲ್ಲಿ ಬರೆದದ್ದು ಹೆಚ್ಚುಕಮ್ಮಿ ಒಂದೇ: ಬದಲಾವಣೆ ಇಲ್ಲ. ಏಳನೇ ವಾರ ಎಲೆಗಳ ಮೇಲೆ ಸಣ್ಣ ಸಣ್ಣ ಗುಳ್ಳೆ ಕಂಡವು. ಯಾವುದೋ ಹುಳದ ಕೆಲಸ. ಅವು ಮೊದಲ ವಾರದಿಂದಲೂ ಇದ್ದವೋ ಏನೋ, ನಾನು ನೋಡಿರಲಿಲ್ಲ. ಎಲೆ ಹಣ್ಣಾಗಿ ಉದುರಿ ಮರ ಬೋಳಾದ ವಾರ ನಾನು ಊರಲ್ಲಿ ಇರಲಿಲ್ಲ. ವಾಪಸ್ ಬರುವಷ್ಟರಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ತಿಳಿಹಸಿರು ಚಿಗುರು ಬಂದಾಗಿತ್ತು. ವರ್ಷಕ್ಕೊಮ್ಮೆ ಆಗುವುದು, ಅದೇ ತಪ್ಪಿಹೋಯಿತು. ಮಳೆ ಬರುವ ಮುಂಚೆ ಆಯಿತೋ ಆಮೇಲೋ, ಎಷ್ಟು ದಿನ ಬೋಳಾಗಿತ್ತು, ಒಂದೂ ಗೊತ್ತಿಲ್ಲ. ಒಂದು ಮರ, ಒಂದು ವರ್ಷ, ಕಿಟಕಿಯ ಆಚೆ.

ಕೋರ್ಸ್ ಮುಗಿದಿದೆ. ನೋಟ್‌ಬುಕ್ ಮುಂದುವರಿಸಿದ್ದೇನೆ. ಈ ವರ್ಷ ಎಲೆ ಉದುರೋದನ್ನು ಪೂರ್ತಿ ನೋಡಿದೆ, ಮೊದಲ ಎಲೆಯಿಂದ ಕೊನೆ ಎಲೆವರೆಗೆ. ದಿನಾಂಕ ಬರೆಯೋದು ಮರೆತೆ.